ಅಚ್ಚಿನಿಂದ ಬಿಡದ ದೋಣಿ

ಕಳಸದಿಂದ ಸ್ವಲ್ಪ ಆಚೆ, ಭದ್ರೆ ಬಾಗುವಲ್ಲಿ, ಈಗ ಪ್ರವಾಸಿಗರಿಗೆ ದೋಣಿ ಆಡಿಸುವವರ ಶೆಡ್ಡೊಂದು ಎದ್ದಿದೆ. ಮಳೆಗಾಲ ಮುಗಿದು ನೀರು ತಿಳಿಯಾಗುತ್ತಿದ್ದಂತೆ ಪೇಟೆಯ ಹುಡುಗ ಹುಡುಗಿಯರು ಬಂದು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ನಾವು ಹೆದರಿ ಕೈಮುಗಿಯುತ್ತಿದ್ದ ಹೊಳೆಯ ಮೇಲೆ ಕೇಕೆ ಹಾಕುತ್ತ ತೇಲಿಹೋಗುತ್ತಾರೆ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಹೊಳೆ ನಮ್ಮಪ್ಪನ ಆಸ್ತಿಯೇನಲ್ಲ, ಒಂದು ಕಾಲದಲ್ಲಿ ಅವನು ಹಾಗೆ ತಿಳಿದುಕೊಂಡಿದ್ದ ಅಷ್ಟೆ.

ಮೊನ್ನೆ ದೀಪಾವಳಿ ಕಳೆದ ಮೇಲೆ ಅಣ್ಣನ ಮನೆಗೆ ಹೋದವಳು ಸಂಜೆ ಸುಮ್ಮನೆ ಹೊಳೆಕಡೆ ಇಳಿದೆ. ಶೆಡ್ಡು ಹತ್ತಿರವಾಗುತ್ತಿದ್ದಂತೆ ಆ ವಾಸನೆ ಬಂತು. ಫೈಬರ್ ಕೆಲಸಕ್ಕೆ ಬಳಸುವ ಅಂಟು, ರೆಸಿನ್, ಅದರ ವಾಸನೆ. ಗೊತ್ತಿಲ್ಲದವರಿಗೆ ಹೇಗೆ ಹೇಳಲಿ? ಹೊಸ ಪೇಂಟಿನ ಹಾಗೆ, ಆದರೆ ಸ್ವಲ್ಪ ಸಿಹಿ, ಮೂಗಿಗಿಂತ ಹೆಚ್ಚು ಗಂಟಲಲ್ಲಿ ಕೂರುವಂಥದ್ದು. ಐವತ್ತರ ಹತ್ತಿರದ ಗಂಡಸೊಬ್ಬರು ಉದ್ದನೆಯ ದೋಣಿಯೊಂದನ್ನು ಬೋರಲು ಹಾಕಿಕೊಂಡು ತಳದ ಸೀಳಿಗೆ ತೇಪೆ ಹಾಕುತ್ತಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ಅಪ್ಪ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ನಾವು ಉಂಡ ಅನ್ನಕ್ಕೂ ಇದೇ ವಾಸನೆ ಇತ್ತು.

ಆ ವರ್ಷ ನಾನು ಮಲ್ಲಂದೂರಿನ ಎಸ್ಟೇಟಿನಿಂದ ರಜೆ ಹಾಕಿ ಬಂದಿದ್ದೆ. ಅಲ್ಲಿ ನಾನು ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್. ಹೆಂಗಸು ರೈಟರ್ ಎಂದು ಮೇಸ್ತ್ರಿಗಳು ಮೊದಮೊದಲು ಮುಸಿಮುಸಿ ನಗುತ್ತಿದ್ದರು, ಈಗ ನನ್ನನ್ನು ಕಂಡರೆ ಬೀಡಿ ಹಿಂದೆ ಬಚ್ಚಿಡುತ್ತಾರೆ. ರಜೆ ಹಾಕಿದ್ದು ಅಪ್ಪನ ಆರೈಕೆಗೆ. ಅಪ್ಪನ ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದಾಗ ಅವನು ಅದೇನೋ ಬಹುಮಾನ ಬಂದವನಂತೆ ನಮ್ಮ ಮುಖ ನೋಡಿದ್ದ. ಆಮೇಲೆ ಕಾಲು ಊದಿತು, ಮಲಗಿದರೆ ಉಸಿರು ಹತ್ತದಾಯಿತು. ಕೊನೆಗೆ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಅವರಿಗೆ ಬೇಕಾದವರೆಲ್ಲ ಹತ್ತಿರ ಇರಲಿ ಎಂದರು. ಆ ಮಾತಿನ ಅರ್ಥ ನನಗೂ ಅಣ್ಣನಿಗೂ ಆಯಿತು. ಅಮ್ಮನಿಗೂ ಆಗಿತ್ತು, ಅವಳು ತೋರಿಸಿಕೊಳ್ಳಲಿಲ್ಲ.

ನಮ್ಮ ಸ್ವಂತ ಮನೆ ಇದ್ದದ್ದು ಹೊಳೆಯ ಆಚೆ ದಡದಲ್ಲಿ. ನಾಲ್ಕಾರು ಮನೆ, ಒಂದಿಷ್ಟು ಕಾಫಿ ಗಿಡ, ಹಿಂದೆ ಕಾಡು. ಆ ದಡಕ್ಕೆ ಆಂಬುಲೆನ್ಸ್ ಬರುವುದಿರಲಿ, ಸೈಕಲ್ಲೂ ಬರುತ್ತಿರಲಿಲ್ಲ. ಅದಕ್ಕೇ ಅಪ್ಪನನ್ನು ಈಚೆ ದಡದಲ್ಲಿ, ರಸ್ತೆ ಬದಿಯ ಅಣ್ಣನ ಮನೆಯಲ್ಲಿ ಮಲಗಿಸಿದ್ದೆವು. ಮನೆ ಎಂದರೆ ಮುಂದೆ ವರ್ಕ್‌ಶಾಪು, ಹಿಂದೆ ಎರಡು ಕೋಣೆ. ಅಣ್ಣ ಮದುವೆ ಆಗಿರಲಿಲ್ಲ. ಆ ಮಾತೆತ್ತಿದರೆ ಸಾಕು, ಅವನಿಗೆ ಯಾವುದೋ ಜೀಪಿನ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

ಬಾಳೂರಿನಿಂದ ಕಳಸದವರೆಗೆ ಅವನನ್ನು ಎಲ್ಲರೂ ಕರೆಯುವುದು ಫೈಬರ್ ಸುರೇಶ ಎಂದು. ಎಸ್ಟೇಟ್ ಜೀಪುಗಳಿಗೆ ಟಾಪು, ಮಡ್‌ಗಾರ್ಡು ಮಾಡುವುದು, ಒಡೆದ ನೀರಿನ ಟ್ಯಾಂಕಿಗೆ ತೇಪೆ ಹಾಕುವುದು ಅವನ ಕಸುಬು. ಫೈಬರ್ ಎಂದರೆ ಒಂದು ಬಗೆಯ ಪ್ಲಾಸ್ಟಿಕ್ಕೇ, ಆದರೆ ಒಳಗೆ ಗಾಜಿನ ನೂಲಿನ ಚಾಪೆ ಇರುತ್ತದೆ. ಅಚ್ಚಿನ ಮೇಲೆ ಆ ಚಾಪೆ ಹಾಸಿ, ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸಿದ ರೆಸಿನ್ನನ್ನು ಬ್ರಷ್ಷಿನಲ್ಲಿ ಅದಕ್ಕೆ ಕುಡಿಸಿ, ರೋಲರ್ ಆಡಿಸಿ ಗಾಳಿಗುಳ್ಳೆ ತೆಗೆಯಬೇಕು. ಮೇಲೆ ಇನ್ನೊಂದು ಚಾಪೆ, ಮತ್ತೆ ರೆಸಿನ್. ಗಟ್ಟಿಯಾದ ಮೇಲೆ ಅಚ್ಚಿನಿಂದ ಕಳಚಿಕೊಂಡು ಬರಬೇಕು. ಈ ಕಳಚಿಕೊಂಡು ಬರುವುದರಲ್ಲೇ ಅಣ್ಣನ ಮಾನ ಇದ್ದದ್ದು. ಅಚ್ಚಿಗೆ ಕಚ್ಚಿಕೊಂಡ ಪೀಸು ಅವನ ಲೆಕ್ಕದಲ್ಲಿ ಹಾಳಾದ ಪೀಸು. ಅಂಥದ್ದನ್ನು ಅವನು ಯಾರ ಕಣ್ಣಿಗೂ ಬೀಳದ ಹಾಗೆ ಒಡೆದು ಹಿತ್ತಲಿಗೆ ಎಸೆಯುತ್ತಿದ್ದ.

ಅಮ್ಮ ದಿನಕ್ಕೆರಡು ಸಲ ತೂಗುಸೇತುವೆ ದಾಟಿ ಆಚೆ ಹೋಗಿ, ದನಗಳಿಗೆ ಹುಲ್ಲು ಹಾಕಿ, ಹಾಲು ಕರೆದುಕೊಂಡು ಬರುತ್ತಿದ್ದಳು. ಆಗಸ್ಟಿನ ಆ ಬೆಳಿಗ್ಗೆಯೂ ಹಾಗೇ ಹೊರಟಳು. ರಾತ್ರಿಯಿಡೀ ಸುರಿದ ಮಳೆ ಒಂದು ಗಳಿಗೆ ಹೊಳವಾಗಿತ್ತು. ಪ್ಲಾಸ್ಟಿಕ್ ಕೊಪ್ಪೆ ತಲೆಗೆ ಏರಿಸಿಕೊಂಡು, ಹಾಲಿನ ಕ್ಯಾನು ಕೈಗೆ ಸಿಕ್ಕಿಸಿಕೊಂಡು, ಅಪ್ಪನ ಮಂಚದ ಹತ್ತಿರ ನಿಂತು ಹೇಳಿದಳು. “ಹಾಲು ಕರ್ಕೊಂಡು ಬಂದೆ. ಕಾಫಿ ನಾನು ಬಂದ್ಮೇಲೇ ಕುಡೀರಿ. ಇವ್ಳು ಮಾಡಿದ್ರೆ ಸಕ್ರೆ ಸುರೀತಾಳೆ.”

ಇವಳು ಎಂದರೆ ನಾನು. ಅಪ್ಪ ಆಯಿತು ಎಂದು ತಲೆ ಆಡಿಸಿದ.

ಅವಳು ಆಚೆ ದಡ ಮುಟ್ಟಿ ಕೊಟ್ಟಿಗೆಗೆ ಹೋಗಿರಬಹುದು, ಅಷ್ಟರಲ್ಲಿ ಸೇತುವೆ ಹೋಯಿತು. ಮೇಲಿನಿಂದ ಬೇರುಸಮೇತ ಬಂದ ದೊಡ್ಡ ಮರವೊಂದು ಅದಕ್ಕೆ ಅಡ್ಡ ಸಿಕ್ಕಿಕೊಂಡಿತು, ಮರದ ಹಿಂದೆ ನೀರು ಏರಿತು, ಕೇಬಲ್ಲು ಕಿತ್ತು ಬಂತು. ಸದ್ದು ಕೇಳಿ ನಾವು ಓಡಿಹೋಗಿ ನೋಡಿದಾಗ ಕಂಬಗಳು ಮಾತ್ರ ನಿಂತಿದ್ದವು. ಆಚೆ ದಡದಲ್ಲಿ ಅಮ್ಮ ಕ್ಯಾನು ಹಿಡಿದು ನಿಂತಿದ್ದಳು. ನಮಗೂ ಅವಳಿಗೂ ನಡುವೆ ಮಣ್ಣಿನ ಬಣ್ಣದ ನೀರು, ಅದರ ಅಬ್ಬರದಲ್ಲಿ ಕೂಗಿದ್ದು ನಮ್ಮ ಕಿವಿಗೇ ಬೀಳುತ್ತಿರಲಿಲ್ಲ.

ಸುತ್ತುಬಳಸಿನ ಕಾಡುದಾರಿಗೆ ಎರಡು ಕಡೆ ಗುಡ್ಡ ಜಾರಿತ್ತು. ಕರೆಂಟಿಲ್ಲ, ಫೋನಿಲ್ಲ. ರಬ್ಬರ್ ದೋಣಿ ತಂದ ರಕ್ಷಣಾ ತಂಡದವರು ಒಮ್ಮೆ ಬಂದು ನೋಡಿ, ಈ ಸೆಳೆತದಲ್ಲಿ ಆಗುವುದಿಲ್ಲ ಎಂದರು. ಅದು ನಿಜವೇ. ನೀರು ಇಳಿದ ಮೇಲೆ ಬರುತ್ತೇವೆ ಎಂದು ಹೋದವರನ್ನು ಮನೆಗಳ ಮೇಲೆ ಗುಡ್ಡ ಬಿದ್ದ ಊರಿಗೆ ಕರೆದರು. ಅಲ್ಲಿ ಜನ ಮಣ್ಣಿನಡಿ ಇರುವಾಗ, ಇಲ್ಲಿ ಆಚೆ ದಡದಲ್ಲಿ ಕ್ಷೇಮವಾಗಿರುವ ಹೆಂಗಸೊಬ್ಬಳನ್ನು ಈಚೆಗೆ ತನ್ನಿ ಎಂದು ನಾವು ಯಾವ ಬಾಯಲ್ಲಿ ಹೇಳುವುದು? ಆದರೆ ನಮಗೆ ಬೇಕಾಗಿದ್ದದ್ದು ಅದೊಂದೇ. ಅಪ್ಪ ಇರುವಾಗಲೇ ಅಮ್ಮ ಈ ದಡಕ್ಕೆ ಬರಬೇಕು.

ಸಂಜೆ ಬೆಳಿಗ್ಗೆ ನಾನು ದಡಕ್ಕೆ ಹೋಗುತ್ತಿದ್ದೆ. ಅಮ್ಮ ಆಚೆಯ ಮತ್ತಿ ಮರದ ಕೆಳಗೆ ಬಂದು ನಿಂತು ಕ್ಯಾನು ಎತ್ತಿ ತೋರಿಸುತ್ತಿದ್ದಳು. ನಾನು ಅಪ್ಪನ ಕೆಂಪು ಟವೆಲ್ ಬೀಸುತ್ತಿದ್ದೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಕ್ಯಾನು ಎತ್ತಿದರೆ ಅವಳು ಚೆನ್ನಾಗಿದ್ದಾಳೆ, ಟವೆಲ್ ಬೀಸಿದರೆ ಅಪ್ಪ ಇದ್ದಾನೆ. ಅಷ್ಟಾದ ಮೇಲೂ ಅವಳು ತುಂಬ ಹೊತ್ತು ನಿಂತೇ ಇರುತ್ತಿದ್ದಳು, ನಾನು ಹೋಗು ಹೋಗು ಎಂದು ಕೈ ಮಾಡಿದ ಮೇಲೆ ಹೋಗುತ್ತಿದ್ದಳು.

ಮನೆಗೆ ಬಂದರೆ ಅಪ್ಪನದು ಒಂದೇ ಪ್ರಶ್ನೆ. “ಯಾವ ಸೀರೆ ಉಟ್ಟಿದ್ಲು?”

ಕೊಪ್ಪೆಯ ಕೆಳಗೆ ಆ ದೂರದಿಂದ ಸೀರೆ ಎಲ್ಲಿ ಕಾಣಬೇಕು? ಮೊದಲ ದಿನ ಬಾಯಿಗೆ ಬಂದಂತೆ ಹಸಿರು ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಅಂಚಿನದ್ದೋ ಎಂದು ಕೇಳಿದ. ಹೌದು, ಅಂಚಿನದ್ದು. ಆಮೇಲೆ ದಿನಕ್ಕೊಂದು ಬಣ್ಣ ಹೇಳುವುದು ನನ್ನ ಕೆಲಸವಾಯಿತು. ಅಮ್ಮನ ಹತ್ತಿರ ಇಲ್ಲದ ಸೀರೆಗಳನ್ನೂ ಉಡಿಸಿದೆ. ಅವನು ಗಂಜಿ ಕುಡಿಯುತ್ತಿದ್ದ, ಮಾತ್ರೆ ನುಂಗುತ್ತಿದ್ದ, ಕಾಫಿ ಮಾತ್ರ ಬೇಡ ಎನ್ನುತ್ತಿದ್ದ. ಕಾಫಿ ಸೀಮೆಯಲ್ಲಿ ಹುಟ್ಟಿ, ಊಟ ಬಿಟ್ಟರೂ ಕಾಫಿ ಬಿಡದವನು. “ಅವ್ಳು ಬರ್ಲಿ” ಎನ್ನುತ್ತಿದ್ದ, ಪಕ್ಕದ ಅಂಗಡಿಗೆ ಹೋದವಳ ಬಗ್ಗೆ ಹೇಳುವ ಹಾಗೆ.

ಅಪ್ಪ ದೋಣಿಯವನು. ತೂಗುಸೇತುವೆ ಬರುವ ಮೊದಲು ಎಸ್ಟೇಟಿನ ಆಳುಗಳನ್ನೂ ಕಾಫಿ ಮೂಟೆಗಳನ್ನೂ ದಾಟಿಸುತ್ತಿದ್ದದ್ದು ಅವನೇ. ಹೆಬ್ಬಲಸಿನ ಒಂದೇ ದಿಮ್ಮಿಯನ್ನು ಬಾಚಿಯಲ್ಲಿ ಕೆತ್ತಿ ತೆಗೆದ ದೋಣಿ ಅದು, ಅವನ ಕೈಯಿಂದಲೇ ಆದದ್ದು. ಸೇತುವೆ ಬಂದ ಮೇಲೆ ಅವನು ಎಸ್ಟೇಟಿನ ಕೂಲಿಗೆ ಹೋದ, ದೋಣಿ ಅಣ್ಣನ ವರ್ಕ್‌ಶಾಪಿನ ಹಿಂದಿನ ಮಾಡಿನಡಿ ಬಂದು ಕೂತಿತು. ನೀರು ಕಾಣದೆ ಒಣಗಿ ಒಣಗಿ ತಳದಲ್ಲಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಅದನ್ನು ನೀರಿಗಿಳಿಸಿದರೆ ಜರಡಿ ಇಳಿಸಿದ ಹಾಗೆ. ಇನ್ನೊಂದು ಮರ ಕಡಿದು ದೋಣಿ ಮಾಡುವ ಕಾಲ ಯಾವತ್ತೋ ಹೋಯಿತು. ಬಾಳೆದಿಂಡಿನ ತೆಪ್ಪ ಕಟ್ಟೋಣ ಎಂದರು ಜೀಪಿನ ಬಾಬಣ್ಣ, ಅಣ್ಣನ ಹಳೇ ಗಿರಾಕಿ. ಆ ಸೆಳೆತಕ್ಕೆ ಅದು ನಿಲ್ಲದು ಎಂದು ಅಣ್ಣ ಒಪ್ಪಲಿಲ್ಲ. ಆಮೇಲೆ ಅವನ ಕಣ್ಣು ಆ ದೋಣಿಯ ಮೇಲೆ ಬಿತ್ತು.

ಅಣ್ಣನ ಯೋಚನೆ ಸರಳವಾಗಿತ್ತು. ಅಪ್ಪನ ದೋಣಿಯೇ ಅಚ್ಚು. ಅದನ್ನು ಮಗುಚಿ ಹಾಕಿ ಮೇಲೆ ಫೈಬರ್ ಕೂರಿಸಿದರೆ, ಕಳಚಿ ತೆಗೆದಾಗ ಅದೇ ಆಕಾರದ ಹೊಸ ದೋಣಿ. ಹಗುರ, ಸೋರುವುದಿಲ್ಲ, ಇಬ್ಬರು ಎತ್ತಿಕೊಂಡು ಹೋಗಬಹುದು. ಹೊಳೆ ಇಳಿಯುವಷ್ಟರಲ್ಲಿ ಸಿದ್ಧವಾಗಬೇಕು. ಅಪ್ಪನಿಗೆ ಹೇಳಿದಾಗ ಅವನು ದಿಂಬಿಗೆ ಒರಗಿ ಕೂತು, ಇಷ್ಟು ದಿನ ಜೀಪಿಗೆ ಟೋಪಿ ಹೊಲಿದ ಮಗ ಕೊನೆಗೂ ಒಂದು ಗಂಡಸಿನ ಕೆಲಸಕ್ಕೆ ಕೈ ಹಾಕಿದ ಎಂದು ತಮಾಷೆ ಮಾಡಿದ. ಮಾಡಿ ಕೆಮ್ಮಿದ. ಅಣ್ಣನಿಗೆ ಅಂದು ಎಷ್ಟು ಖುಷಿಯಾಗಿತ್ತೆಂದು ನನಗೆ ಗೊತ್ತು.

ಅಚ್ಚಿಗೆ ರೆಸಿನ್ ಅಂಟಬಾರದೆಂದು ಮೊದಲು ಮೇಣ ತಿಕ್ಕಬೇಕು. ಅಣ್ಣನ ಮೇಣದ ಡಬ್ಬಿಯಲ್ಲಿ ಉಗುರಿಗೆ ಬರುವಷ್ಟು ಉಳಿದಿತ್ತು. ರಸ್ತೆ ಮುಚ್ಚಿದೆ, ಎಲ್ಲಿಂದ ತರುವುದು? ಮಲಗಿದಲ್ಲಿಂದಲೇ ಅಪ್ಪ ದಾರಿ ಹೇಳಿದ. “ಹಲಸಿನಹಣ್ಣು ಬಿಡಿಸೋವಾಗ ಕೈಗೆ ಎಂತ ಹಚ್ತೀವಿ? ಕೊಬ್ರಿ ಎಣ್ಣೆ ಹಚ್ಚು. ಎಂಥ ಅಂಟಾದ್ರೂ ಬಿಡುತ್ತೆ.”

ನಮಗೆಲ್ಲ ಅದು ಎಷ್ಟು ಸರಿ ಎನಿಸಿತು! ಹಲಸಿನ ಅಂಟಿಗಿಂತ ಹಟಮಾರಿಯಾದದ್ದನ್ನು ನಾವು ಕಂಡಿರಲಿಲ್ಲ. ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ತಂದು ನಾನೇ ದೋಣಿಯ ಬೆನ್ನಿಗೆ ತಿಕ್ಕಿದೆ. ಒಣಗಿದ ಮರ ಎಣ್ಣೆ ಕುಡಿಯಿತು, ಮತ್ತೆ ತಿಕ್ಕಿದೆ, ಮತ್ತೆ ಕುಡಿಯಿತು. ಬಾಣಂತಿಗೆ ಎಣ್ಣೆ ನೀವಿದ ಹಾಗೆ ನೀವಿದೆ. ಕೊನೆಗೆ ಮಿನುಗಿದಾಗ ಅಣ್ಣ ಮೊದಲ ಚಾಪೆ ಹಾಸಿದ.

ಮಳೆಯಲ್ಲಿ ರೆಸಿನ್ ಸುಲಭಕ್ಕೆ ಗಟ್ಟಿಯಾಗುವುದಿಲ್ಲ. ಗಾಳಿಯೇ ಒದ್ದೆ. ಒಂದು ಪದರ ಹಾಕಿ ಕಾದರೆ ಅರ್ಧ ದಿನ ಕಳೆದರೂ ಅಂಟಂಟು. ಬಾಬಣ್ಣ ಎಸ್ಟೇಟಿನಿಂದ ಕಾಫಿ ಸಿಪ್ಪೆ ತಂದು ಹಾಕಿದರು, ಅದರ ಕೆಂಡವನ್ನು ಬಾಣಲೆಗಳಲ್ಲಿ ತುಂಬಿ ಮಾಡಿನ ಮೂಲೆಗಳಲ್ಲಿ ಇಟ್ಟೆವು. ರೆಸಿನ್ನಿಗೆ ಬೆಂಕಿ ತಾಗಿದರೆ ದೋಣಿಯೂ ಇಲ್ಲ, ಮನೆಯೂ ಇಲ್ಲ ಎಂದು ಅಣ್ಣ ನಮ್ಮನ್ನು ಬೈದು ಬೈದು ದೂರ ಇಡಿಸಿದ. ಗಾಜಿನ ನೂಲಿನ ಪುಡಿ ಮೈಗೆ ಹತ್ತಿ ತುರಿಕೆ. ಅಣ್ಣ ಉಗುರಿನಲ್ಲಿ ಗೀರಿ ಗೀರಿ ನೋಡುತ್ತಿದ್ದರೆ ಒಳಗಿನಿಂದ ಅಪ್ಪ, ತೊಳೆದು ಹರಡಿದ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿದೆಯೋ ಎಂದು ನೋಡುವ ಹಾಗೆ ಕಚ್ಚಿ ನೋಡು ಎಂದು ಕೂಗುತ್ತಿದ್ದ. ಆ ದಿನಗಳಲ್ಲಿ ನಾವು ನಗುತ್ತಿದ್ದೆವು. ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ನಾವು ಮೂವರೂ ನಗುತ್ತಿದ್ದೆವು.

ಕೊನೆಯ ಪದರ ಗಟ್ಟಿಯಾದ ಬೆಳಿಗ್ಗೆ ಮಳೆ ನಿಂತಿತ್ತು. ಬಾಬಣ್ಣ ದಡಕ್ಕೆ ಹೋಗಿ ಬಂದು, ಹೊಳೆ ಚೆನ್ನಾಗಿ ಇಳಿದಿದೆ, ಇವತ್ತೇ ದಾಟಬಹುದು ಎಂದರು. ಅಪ್ಪನಿಗೆ ಆಗಲೇ ಮಾತಾಡುವಾಗ ನಡುನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. ನಾನು ಅವನ ಮುಖ ತೊಳೆಸಿ, ಒಗೆದ ಅಂಗಿ ಹಾಕಿ ಕೂರಿಸಿದೆ. ಅಣ್ಣ ದೋಣಿ ಕಳಚಲು ಕೈ ಹಾಕಿದ.

ಅದು ಬಿಡಲಿಲ್ಲ.

ತಟ್ಟಿದರು. ಅಂಚಿಗೆ ಬೆಣೆ ಹೊಡೆದರು. ಸಂದಿಗೆ ಬಿಸಿನೀರು ಹೊಯ್ದರು. ಬಾಬಣ್ಣ, ಅಣ್ಣ ಇಬ್ಬರೂ ಜೋತುಬಿದ್ದರು. ಮರ ಎಣ್ಣೆಯನ್ನೆಲ್ಲ ಒಳಗೆ ಎಳೆದುಕೊಂಡು ಮೇಲೆ ಒಣಗಿ ಕೂತಿತ್ತು, ತಳದ ಸೀಳಿಗೆ ರೆಸಿನ್ ಇಳಿದು ಬೇರು ಬಿಟ್ಟಂತೆ ಹಿಡಿದುಕೊಂಡಿತ್ತು. ಹಳೆಯ ದೋಣಿ, ಹೊಸ ದೋಣಿ ಎರಡೂ ಒಂದಾಗಿ ಹೋಗಿದ್ದವು. ಅಣ್ಣ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅವನ ಬದುಕಿನ ಅತಿ ದೊಡ್ಡ ಪೀಸು ಅಚ್ಚಿಗೆ ಕಚ್ಚಿಕೊಂಡಿತ್ತು.

ಒಂದೇ ದಾರಿ ಎಂದು ನಮಗೆ ಕಂಡಿತು. ಒಳಗಿನ ಮರವನ್ನು ಚೂರು ಚೂರಾಗಿ ಒಡೆದು ತೆಗೆಯುವುದು. ಅದನ್ನು ಅಪ್ಪನಿಗೆ ಹೇಳುವವರು ಯಾರು? ಅಣ್ಣನೇ ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ಹೇಳಿ ಮುಗಿಸುವ ಮೊದಲೇ ಅಪ್ಪ ಕೈ ಎತ್ತಿದ.

“ಒಳಗಿಂದ ಹೊಡ್ದು ತೆಗಿ. ಹಳೇ ಮರ ಅದು. ನನ್ನ ಮುಖ ನೋಡ್ಬೇಡ.” ಉಸಿರಿಗೆ ನಿಂತು ಮತ್ತೆ ಹೇಳಿದ. “ಅವ್ಳನ್ನ ಕರ್ಕೊಂಡು ಬಾ.”

ಒಡೆಯುವುದೆಂದರೆ ಕೊಡಲಿ ಬೀಸುವುದಲ್ಲ. ಫೈಬರಿಗೆ ಏಟು ಬಿದ್ದರೆ ತೂತು. ಉಳಿಯಲ್ಲಿ, ಸಣ್ಣ ಕತ್ತಿಯಲ್ಲಿ ಎಬ್ಬಿ ಎಬ್ಬಿ ತೆಗೆಯಬೇಕು. ಹೆಬ್ಬಲಸು ಅಷ್ಟು ವರ್ಷದ ಮೇಲೂ ಕಬ್ಬಿಣದ ಹಾಗಿತ್ತು. ಆ ಹಗಲು ಪೂರ್ತಿ ಟಕ್ ಟಕ್ ಸದ್ದು. ಗೋಡೆಯ ಈಚೆ ಅಪ್ಪ ಅದನ್ನು ಕೇಳುತ್ತ ಮಲಗಿದ್ದ. ಒಂದು ಚೂರು ತರಲು ಹೇಳಿದ, ತಂದುಕೊಟ್ಟೆ. ಮೂಸಿ ನೋಡಿ ಎದೆಯ ಮೇಲೆ ಇಟ್ಟುಕೊಂಡ. ಸಂಜೆ ನಾನು ಟವೆಲ್ ಬೀಸಿ ಬಂದ ಮೇಲೆ ಸೀರೆಯ ಬಣ್ಣ ಕೇಳಿದ. ನೀಲಿ ಎಂದೆ. ನೀಲಿಯಲ್ಲಿ ಅವಳು ಚಂದ ಎಂದ. ಅಪ್ಪ ಅಮ್ಮನನ್ನು ಚಂದ ಎಂದದ್ದನ್ನು ಜನ್ಮದಲ್ಲಿ ಅದೊಂದೇ ಸಲ ಕೇಳಿದ್ದು ನಾನು, ಅದೂ ನನ್ನ ಸುಳ್ಳು ಸೀರೆಗೆ.

ಮರುದಿನ ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಅಪ್ಪ ಹೋದ. ನಾನು ಅವನ ಬೆನ್ನಿಗೆ ದಿಂಬು ಸರಿಮಾಡುತ್ತಿದ್ದೆ. ಪಕ್ಕದಲ್ಲಿ ಉಳಿಯ ಸದ್ದು ನಡೆದೇ ಇತ್ತು. ಅಣ್ಣಾ ಎಂದು ಕರೆದೆ. ಸದ್ದು ನಿಂತಿತು.

ಅಣ್ಣ ಬಂದು ನೋಡಿದ. ಅಳಲಿಲ್ಲ. ಅಪ್ಪನ ಎದೆಯ ಮೇಲಿದ್ದ ಮರದ ಚೂರನ್ನು ತೆಗೆದು ಪಕ್ಕಕ್ಕಿಟ್ಟು, ಎದ್ದುಹೋಗಿ ಮತ್ತೆ ಉಳಿ ಹಿಡಿದ. ಬಾಬಣ್ಣ ಬೇಡ ಮಾರಾಯ ಎಂದರೂ ಕೇಳಲಿಲ್ಲ. ಅಷ್ಟರಲ್ಲಿ ಅಮ್ಮ ದಡಕ್ಕೆ ಬರುವ ಹೊತ್ತಾಗಿತ್ತು. ನಾನು ಏನು ಮಾಡಲಿ ಎಂದು ಕೇಳಿದೆ. ತಲೆ ಎತ್ತದೆ ಅಣ್ಣ ಹೇಳಿದ. “ಟವೆಲ್ ಬೀಸು ಸರೋಜ. ಗೊತ್ತಾದ್ರೆ ಅವ್ಳು ನೀರಿಗೇ ಇಳೀತಾಳೆ.”

ಹೋದೆ. ಅಮ್ಮ ಮತ್ತಿ ಮರದ ಕೆಳಗೆ ಕ್ಯಾನು ಎತ್ತಿದಳು. ನಾನು ಅಪ್ಪನ ಟವೆಲ್ ಎತ್ತಿ ಬೀಸಿದೆ. ಕೈ ಸೋಲುವವರೆಗೆ ಬೀಸಿದೆ. ಬಹುಶಃ ಅವತ್ತು ಜಾಸ್ತಿ ಬೀಸಿದೆನೇನೋ, ಅಮ್ಮ ಖುಷಿಯಿಂದ ಕ್ಯಾನನ್ನು ಮತ್ತೊಮ್ಮೆ ಎತ್ತಿದಳು.

ಮಧ್ಯಾಹ್ನ ಮರದ ಕೊನೆಯ ತುಂಡು ಬಿಟ್ಟಿತು. ದೋಣಿಗೆ ಬಣ್ಣ ಇರಲಿಲ್ಲ, ತೆಳು ಹಸಿರು, ಬೆಳಕಿಗೆ ಹಿಡಿದರೆ ಕೈಯ ನೆರಳು ಕಾಣುವಂಥದ್ದು. ಅಣ್ಣನೂ ಬಾಬಣ್ಣನೂ ಅದನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತಂದರು. ಒಂದು ಹನಿ ನೀರು ಒಳಗೆ ಬರಲಿಲ್ಲ. ಅಣ್ಣನಿಗೆ ಹುಟ್ಟು ಹಾಕುವುದು ಅಪ್ಪನಿಂದ ಬಂದದ್ದು. ಅವನು ಓರೆಯಾಗಿ ಸೆಳೆತ ಹಿಡಿದು ದಾಟಿದ್ದನ್ನು ನೋಡುತ್ತ, ಅಪ್ಪ ಇದನ್ನು ನೋಡಬೇಕಿತ್ತು ಎಂದುಕೊಂಡೆ. ನನಗಿನ್ನೂ ಅವನು ಸತ್ತದ್ದು ಅಭ್ಯಾಸವಾಗಿರಲಿಲ್ಲ.

ಈಚೆ ದಡದಲ್ಲಿ ದೋಣಿ ಕಂಡವಳೇ ಅಮ್ಮ ಹೊಸ ಹಾಲು ಕರೆದುಕೊಂಡು, ತಲೆ ಬಾಚಿಕೊಂಡು ಸಿದ್ಧಳಾಗಿ ಬಂದಿದ್ದಳಂತೆ. ದೋಣಿಯ ನಡುವೆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಳದಲ್ಲಿ ನೀರು ಹರಿಯುವುದು ಕಾಣುತ್ತದೆ ಎಂದು ಹೆದರಿ ಕಾಲು ಎತ್ತಿಕೊಂಡಳಂತೆ. ಆಮೇಲೆ ಕೇಳಿದಳಂತೆ. “ಕಾಫಿ ಕುಡಿದ್ರಾ ಅವ್ರು?”

“ಇಲ್ಲಮ್ಮ. ನೀನು ಬರ್ಬೇಕಂತೆ,” ಎಂದು ಅಣ್ಣ ಹೇಳಿದ. ಅದು ಸುಳ್ಳಲ್ಲ.

ದಡದಲ್ಲಿ ಜನ ಸೇರಿದ್ದನ್ನು ಅವಳು ದೂರದಿಂದಲೇ ನೋಡಿದಳು. ಜನ ಯಾಕೆ ಸೇರುತ್ತಾರೆಂದು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೋಣಿ ಮುಟ್ಟಿದಾಗ ಅವಳು ಇಳಿಯಲಿಲ್ಲ. ನಾನು ನೀರಿಗಿಳಿದು ಕೈ ಚಾಚಿದೆ. ಅವಳು ಕೈ ಹಿಡಿಯುವ ಬದಲು ಕ್ಯಾನನ್ನು ನನ್ನ ಕೈಗೆ ಕೊಟ್ಟು, ಚೆಲ್ಲಬೇಡ ಎಂದಳು. ಅವಳು ಉಟ್ಟಿದ್ದದ್ದು ಮಾಸಿದ ಕಂದು ಸೀರೆ, ಸೇತುವೆ ಹೋದ ದಿನ ಉಟ್ಟಿದ್ದದ್ದೇ.

ಮರುದಿನ ಅದೇ ದೋಣಿಯಲ್ಲಿ ಅಪ್ಪನನ್ನು ಆಚೆ ದಡಕ್ಕೆ ಕರೆದೊಯ್ದೆವು. ನಮ್ಮ ಜಾಗದಲ್ಲೇ ಅವನ ಸಂಸ್ಕಾರ ಆಗಬೇಕಿತ್ತು. ಆ ಮಳೆಯಲ್ಲಿ ಇಡೀ ಊರಿನಲ್ಲಿ ಒಣ ಸೌದೆ ಎಂದು ಇದ್ದದ್ದು ಒಂದೇ, ಎಣ್ಣೆ ಕುಡಿದ ಹೆಬ್ಬಲಸಿನ ಚೂರುಗಳು. ಅವನ್ನು ಚೀಲಗಳಲ್ಲಿ ತುಂಬಿ ಅಪ್ಪನ ಜೊತೆಗೇ ದಾಟಿಸಿದೆವು. ತಗಡಿನ ಮಾಡಿನಡಿ, ಹಸಿ ಕಟ್ಟಿಗೆ ಹೊಗೆಯಾಡುತ್ತಿದ್ದಾಗ ಅವು ಮಾತ್ರ ಚೆನ್ನಾಗಿ ಉರಿದವು. ಅಪ್ಪ ಕೆತ್ತಿದ ದೋಣಿ ಅಪ್ಪನನ್ನು ಸುಟ್ಟಿತು.

ಈಗ ಅಲ್ಲಿ ಕಾಂಕ್ರೀಟ್ ಸೇತುವೆ ಬಂದಿದೆ. ಅಮ್ಮ ಅಣ್ಣನ ಜೊತೆಗಿದ್ದಾಳೆ. ಆ ದೋಣಿ ವರ್ಕ್‌ಶಾಪಿನ ಗೋಡೆಗೆ ಒರಗಿ ನಿಂತಿದೆ, ಯಾರು ಕೇಳಿದರೂ ಅಣ್ಣ ಕೊಟ್ಟಿಲ್ಲ. ಅದರ ಒಳಮೈಯಲ್ಲಿ ಅಪ್ಪನ ಬಾಚಿಯ ಒಂದೊಂದು ಏಟೂ ಮೂಡಿದೆ. ಮರದ ಹೊರಮೈಯಲ್ಲಿ ಕೆತ್ತಿದ್ದೆಲ್ಲ ಫೈಬರಿನ ಒಳಗೆ ಹ್ಯಾಗಿತ್ತೋ ಹಾಗೆ ಇಳಿದಿದೆ. ಬಂದವರಿಗೆಲ್ಲ ಅಣ್ಣ ಅದರ ಮೇಲೆ ಕೈ ಆಡಿಸಿ ತೋರಿಸುತ್ತಾನೆ. ಆಮೇಲೆ, ಬೇರೆ ಯಾರೂ ಇಲ್ಲದಾಗ, ಎಲ್ಲೋ ಇದ್ದ ಮಾತಿನ ನಡುವೆ, ನನ್ನನ್ನು ಕೇಳುತ್ತಾನೆ. “ಒಡೀದೆ ಬೇರೆ ದಾರಿ ಇರ್ಲಿಲ್ಲ, ಅಲ್ವಾ ಸರೋಜ?” ಪ್ರತಿ ವರ್ಷ ಕೇಳುತ್ತಾನೆ. ಪ್ರತಿ ವರ್ಷ ನಾನು ಇರಲಿಲ್ಲ ಎನ್ನುತ್ತೇನೆ. ಅಲ್ಲಿಗೆ ಅವನಿಗೆ ಇನ್ನೊಂದು ವರ್ಷಕ್ಕೆ ಸಾಕು.

ಮೊನ್ನೆ ಶೆಡ್ಡಿನ ಹತ್ತಿರ ನಿಂತವಳು ಇಷ್ಟನ್ನೂ ನೆನೆಸಿಕೊಳ್ಳುತ್ತಿದ್ದೆ. ತೇಪೆ ಹಾಕುತ್ತಿದ್ದವರು ಕುಂದಾಪುರ ಕಡೆಯವರು, ಹುಟ್ಟಿನಿಂದ ದೋಣಿ ಕೆಲಸದವರು. ನಾನು ನೋಡುತ್ತ ನಿಂತದ್ದು ಕಂಡು ಸಂತೋಷದಿಂದ ವಿವರಿಸಿದರು. ಈಗಿನ ದೋಣಿಗೆ ಬರೀ ಗಾಜಿನ ನೂಲು ಸಾಲದಂತೆ. ಬಂಡೆಗೆ ಬಡಿದರೂ ಒಡೆಯದಿರಲು ಗುಂಡು ತಡೆಯುವ ಅಂಗಿಗೆ ಹಾಕುವ ಹಳದಿ ನೂಲಿನ ಬಟ್ಟೆ, ಹಗುರಕ್ಕೆ ಕಪ್ಪು ಕಾರ್ಬನ್ ಬಟ್ಟೆ, ಎಲ್ಲವನ್ನೂ ಪದರ ಪದರವಾಗಿ ರೆಸಿನ್ನಿನಲ್ಲಿ ಕೂರಿಸುತ್ತಾರಂತೆ. ನಮ್ಮಣ್ಣನೂ ಒಂದು ದೋಣಿ ಮಾಡಿದ್ದ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಹಳೆಯ ಮರದ ದೋಣಿಯ ಮೇಲೆ ಹಾಕಿದ್ದು, ಕಚ್ಚಿಕೊಂಡದ್ದು, ಎರಡು ಹಗಲು ಕೂತು ಒಳಗಿನ ಮರ ಒಡೆದದ್ದು. ಅಪ್ಪನ ವಿಷಯ ಹೇಳಲಿಲ್ಲ.

ಅವರ ಬ್ರಷ್ ನಿಂತಿತು. “ಒಡೆದದ್ದು ಎಂತಕ್ಕೆ ಮಾರಾಯ್ರೆ? ನಮ್ಮಲ್ಲಿ ಹಳೇ ದೋಣಿ ಸೋರ್ಲಿಕ್ಕೆ ಶುರುವಾದ್ರೆ ಮೇಲಿಂದ ಹೀಗೇ ಫೈಬರ್ ಹೊದಿಸುದು. ಮರ ಒಳಗೇ ಇರ್ತದೆ. ಹಾಗೇ ನೀರಿಗೆ ಇಳಿಸುದು.”

ಮರ ಸೀಳಿತ್ತು ಎಂದೆ. ಸೀಳಿದ್ದಕ್ಕೇ ಅಲ್ಲವೇ ಹೊದಿಸುವುದು ಎಂದರು. ಮರಕ್ಕೆ ಎಣ್ಣೆ ಹಚ್ಚಿದ್ದೆವು ಎಂದೆ. ನನ್ನ ದನಿ ಹೇಗಿತ್ತೋ, ಅವರು ಸಮಾಧಾನ ಹೇಳುವ ಹಾಗೆ ನಕ್ಕರು. “ಎಣ್ಣೆ ಇದ್ರೆ ತುಂಬಾ ವರ್ಷ ಬಾಳ್ಲಿಕ್ಕಿಲ್ಲ. ಒಂದು ಸಲ ಹೊಳೆ ದಾಟ್ಲಿಕ್ಕೆ ಎಂತ ತೊಂದ್ರೆ?”

ಒಂದು ಸಲ ಹೊಳೆ ದಾಟುವುದೇ ನಮಗೆ ಬೇಕಾಗಿದ್ದದ್ದು. ಆ ಬೆಳಿಗ್ಗೆ ಬಾಬಣ್ಣ ಇವತ್ತೇ ದಾಟಬಹುದು ಎಂದಾಗ, ಅಪ್ಪ ಒಗೆದ ಅಂಗಿ ಹಾಕಿಕೊಂಡು ಕೂತಿದ್ದಾಗ, ದೋಣಿ ಸಿದ್ಧವಾಗಿಯೇ ಇತ್ತು. ನಾಲ್ಕು ಜನರನ್ನು ಕರೆದು ಎತ್ತಿ ನೀರಿಗಿಳಿಸಿದ್ದರೆ ಸಾಕಿತ್ತು. ಅಮ್ಮ ಮಧ್ಯಾಹ್ನದೊಳಗೆ ಬಂದಿರುತ್ತಿದ್ದಳು. ಕಾಫಿ ಮಾಡಿಕೊಟ್ಟಿರುತ್ತಿದ್ದಳು. ಒಂದು ಹಗಲು, ಒಂದು ರಾತ್ರಿ ಅವನ ಹತ್ತಿರ ಕೂತಿರುತ್ತಿದ್ದಳು. ನಾವು ಆ ಹೊತ್ತನ್ನೆಲ್ಲ ಉಳಿ ಹಿಡಿದು ಚೂರು ಚೂರಾಗಿ ಕೆತ್ತಿ ಎಸೆದೆವು. ಅಚ್ಚು ಒಳಗೇ ಉಳಿಯಬಹುದು ಎಂದು ನಮಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಜೀಪಿನ ಟಾಪು ಮಾಡುವವನು ಅಚ್ಚನ್ನು ಬಿಟ್ಟು ಬರುವುದನ್ನೇ ಕಲಿತವನು.

ಹೊಳೆದಡದ ಕಲ್ಲಿನ ಮೇಲೆ ಕೂತು ಅತ್ತೆ. ಆ ಕುಂದಾಪುರದವರು ಗಾಬರಿಯಾಗಿ ನೀರು ತಂದುಕೊಟ್ಟರು, ಪಾಪ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಅಮ್ಮ ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅಣ್ಣ ಕೈಕಾಲು ತೊಳೆದು ಬಂದು, ಎಲ್ಲಿ ಹೋಗಿದ್ದೆ ಎಂದು ಕೇಳಿದ. ಹೊಳೆಕಡೆ ಎಂದೆ. ಆ ಶೆಡ್ಡಿನಲ್ಲಿ ತೇಪೆ ಕೆಲಸ ನಡೆಯುತ್ತಿದೆಯಂತೆ, ನೋಡಿದೆಯಾ ಎಂದ. ನೋಡಿದೆ, ಚೆನ್ನಾಗಿ ಮಾಡುತ್ತಾರೆ ಎಂದೆ. ನಾಳೆ ತಾನೂ ಹೋಗಿ ಮಾತಾಡಿಸಬೇಕು ಎಂದ. ಅವರು ನಾಳೆ ಬೆಳಿಗ್ಗೆಯೇ ಊರಿಗೆ ಹೊರಡುತ್ತಾರಂತೆ ಎಂದುಬಿಟ್ಟೆ. ಅಣ್ಣ ಹೌದಾ ಎಂದು, ಒಳಗೆ ಗೋಡೆಗೆ ಒರಗಿ ನಿಂತ ದೋಣಿಯ ಕಡೆ ನೋಡಿದ. ಅವನು ಏನು ಕೇಳುತ್ತಾನೆಂದು ನನಗೆ ಗೊತ್ತಾಯಿತು. ಈ ಸಲ ಅಮ್ಮನೂ ಅಲ್ಲೇ ಇದ್ದಳು. ಎಣ್ಣೆ ತಿಕ್ಕುತ್ತಿದ್ದ ಅವಳ ಕೈ ನಿಂತಿತು.

“ಒಡೀದೆ ಬೇರೆ ದಾರಿ ಇರ್ಲಿಲ್ಲ, ಅಲ್ವಾ ಸರೋಜ?”

“ಇರ್ಲಿಲ್ಲ ಅಣ್ಣ,” ಎಂದೆ.